'ಮೊದಲಿನಿಂದ' ಎಂಬ ಮಾತು

ಕೆಲವು ತಿಂಗಳ ಹಿಂದೆ ಸೇಡಂನಲ್ಲಿ ಬಂಧುಗಳೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದೆ. ಆ ಮನೆಯ ಹುಡುಗ ಇಂಗ್ಲಿಷ್ ವ್ಯಾಕರಣದ ಪುಸ್ತಕವೊಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದ. ನಾನು ಈ ಭಾಗದ ಶಾಲೆಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಇಂಗ್ಲಿಷ್ ಪಾಠ ಹೇಳಿದವನೆಂಬುದು ಅವನಿಗೆ ಗೊತ್ತು. 'ಸ್ಟಾರ್ಟ್ ಓವರ್' ಎಂದರೆ ಏನು ಎಂದು ಕೇಳಿದ. 'ಮತ್ತೆ ಆರಂಭಿಸುವುದು' ಎಂದೆ. ಅದನ್ನು ವಹಿಯಲ್ಲಿ ಬರೆದುಕೊಂಡು, "ಹಂಗಾದ್ರ ಅಜ್ಜಾ, ರೆಸ್ಯೂಮ್ ಅಂದ್ರ?" ಎಂದ. ಅದಕ್ಕೂ ನನ್ನ ಬಾಯಿಂದ ಬಂದದ್ದು ಅದೇ ಉತ್ತರ. ಹುಡುಗ ತನ್ನ ವಹಿಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಎರಡಕ್ಕೂ ಒಂದೇ ಅರ್ಥ ಇದ್ರ ಎರಡು ಮಾತು ಯಾಕ ಬೇಕಾಗಿತ್ತು?" ಎಂದು ಕೇಳಿದ.

ನ್ಯಾಯವಾದ ಪ್ರಶ್ನೆ. ಅದರಿಂದ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲವೆಂದರೆ ಉತ್ಪ್ರೇಕ್ಷೆಯಾದೀತು. ಆದರೆ ಮರುದಿನ ಸೇಡಂನಲ್ಲಿ ವಾಡಿಯ ಕಡೆಯ ಗಾಡಿ ಹತ್ತಿ, ಮಳಖೇಡ, ಚಿತ್ತಾಪುರಗಳನ್ನು ಕಿಟಕಿಯಿಂದ ನೋಡುತ್ತ ಹೋಗುವಾಗ, ಇಡೀ ನಮ್ಮ ಸೀಮೆಯ ಚರಿತ್ರೆಯೇ ಈ ಎರಡು ಮಾತುಗಳ ನಡುವಿನ ಅಂತರದಲ್ಲಿ ಕುಳಿತಿದೆಯೆಂದು ನನಗೆ ತೋರಿತು. ಆ ವಿಚಾರವನ್ನೇ ಈ ಹೊತ್ತು ಕೇಳುಗರ ಮುಂದೆ ಇಡುತ್ತಿದ್ದೇನೆ.

ಇಂಗ್ಲಿಷ್ ಮಾತಿನ ಬಳಕೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಕ್ರಿಯಾಪದವೊಂದಕ್ಕೆ ಚಿಕ್ಕ ಅವ್ಯಯವೊಂದು ಬಂದು ಸೇರಿ ಅದರ ಅರ್ಥವನ್ನೇ ಬೇರೆಯ ಕಡೆಗೆ ಎಳೆದೊಯ್ಯುವುದು ಆ ಭಾಷೆಯ ಒಂದು ಗುಣ. 'ಸ್ಟಾರ್ಟ್' ಎಂದರೆ ಆರಂಭಿಸು. 'ಓವರ್' ಎಂದರೆ ಮೇಲೆ ಎಂಬುದು ಎಲ್ಲರಿಗೂ ತಿಳಿದ ಅರ್ಥ. 'ಇನ್ನೊಂದು ಸಲ, ತುದಿಯಿಂದ ತುದಿಯವರೆಗೆ' ಎಂಬ ಅರ್ಥವೂ ಅದಕ್ಕುಂಟು. ಎರಡೂ ಕೂಡಿದಾಗ, ಈವರೆಗೆ ಆದದ್ದನ್ನು ಬಿಟ್ಟುಕೊಟ್ಟು ಮೊದಲ ಹೆಜ್ಜೆಯಿಂದಲೇ ಹೊರಡುವುದು ಎಂಬ ಅರ್ಥ ಹುಟ್ಟುತ್ತದೆ. ಈ ನುಡಿ ಅಮೆರಿಕದವರಲ್ಲಿ ಹೆಚ್ಚು ಬಳಕೆಯದು. ಬ್ರಿಟಿಷರು ಸಾಮಾನ್ಯವಾಗಿ 'ಸ್ಟಾರ್ಟ್ ಅಗೇನ್' ಎನ್ನುತ್ತಾರೆ. ಬ್ರಿಟಿಷ್ ಮಾದರಿಯ ಪಠ್ಯಗಳನ್ನು ಓದಿ, ಅವನ್ನೇ ಓದಿಸಿದ ನನ್ನಂಥವರ ಕಿವಿಗೆ 'ಸ್ಟಾರ್ಟ್ ಓವರ್' ಸ್ವಲ್ಪ ತಡವಾಗಿಯೇ ಬಿತ್ತು. ಆದರೆ ಅರ್ಥದ ಖಚಿತತೆಯಲ್ಲಿ ಅದು ಬ್ರಿಟಿಷರ ಮಾತಿಗಿಂತ ಮೇಲು. ನಿಂತಿದ್ದ ಮಳೆ ತಿರುಗಿ ಹಿಡಿದರೆ 'ಸ್ಟಾರ್ಟ್ ಅಗೇನ್' ಎನ್ನಬಹುದು, 'ಸ್ಟಾರ್ಟ್ ಓವರ್' ಎನ್ನಲಾಗದು. ಮಳೆಯು ತಾನು ಸುರಿದದ್ದನ್ನು ರದ್ದುಮಾಡಿ ಬರುವುದಿಲ್ಲವಷ್ಟೆ!

ಶಹಾಬಾದದ ಕಲ್ಲಿನ ಖಣಿಗಳನ್ನು ಕಂಡವರಿಗೆ ಈ ಭೇದ ಬೇಗ ತಿಳಿಯುತ್ತದೆ. ಅಲ್ಲಿಯ ಸುಣ್ಣಕಲ್ಲು ನೆಲದಲ್ಲಿ ಪದರ ಪದರವಾಗಿ ಮಲಗಿದೆ. ಅದನ್ನು ಎಬ್ಬಿಸಿ, ಗೆರೆ ಹಾಕಿ, ಉಳಿಯಿಂದ ಹೊಡೆದು ಫರಸಿ ಮಾಡುತ್ತಾರೆ. ಹೊಡೆತ ತಪ್ಪಿ ಫರಸಿಯ ನಡುವೆ ಸೀಳು ಬಿದ್ದರೆ ಆ ಕಲ್ಲನ್ನು ಬದಿಗೆ ಎಸೆದು ಬೇರೆ ಕಲ್ಲಿಗೆ ಗೆರೆ ಹಾಕಬೇಕು. ಮುರಿದದ್ದನ್ನು ಮುಂದುವರಿಸುವ ಉಪಾಯವಿಲ್ಲ. ಇದು 'ಸ್ಟಾರ್ಟ್ ಓವರ್'. ಇನ್ನು ವಾಡಿ ಜಂಕ್ಷನ್ ನೋಡಿ. ಮುಂಬಯಿಯಿಂದ ಬಂದ ರೈಲುದಾರಿ ಈ ಮಾರ್ಗವಾಗಿ 1871ರಲ್ಲಿ ರಾಯಚೂರನ್ನು ಮುಟ್ಟಿತು. 1874ರಲ್ಲಿ ನಿಜಾಮರ ರೈಲು ಸಿಕಂದರಾಬಾದಿನಿಂದ ತಾಂಡೂರು, ಸೇಡಂ, ಚಿತ್ತಾಪುರಗಳನ್ನು ಹಾದು ವಾಡಿಯಲ್ಲಿ ಬಂದು ಅದನ್ನು ಕೂಡಿಕೊಂಡಿತು. ಅಂದಿನಿಂದ ವಾಡಿ ಎಂದರೆ ಗಾಡಿ ಬದಲಿಸುವ ಊರು. ಅಲ್ಲಿ ಇಳಿದವನು ಗಂಟುಮೂಟೆಯೊಡನೆ ಇನ್ನೊಂದು ಗಾಡಿ ಹತ್ತುತ್ತಾನೆ. ಬಂದ ದಾರಿ ವ್ಯರ್ಥವಾಗುವುದಿಲ್ಲ, ಕೈಯಲ್ಲಿರುವ ಟಿಕೀಟೂ ಸಲ್ಲುತ್ತದೆ. ಇದು 'ರೆಸ್ಯೂಮ್'.

ಹಾಗಾದರೆ ಕನ್ನಡದಲ್ಲಿ ಈ ಭೇದವನ್ನು ತೋರಿಸುವ ಮಾತಿಲ್ಲವೆ? ಇದೆ, ಅದನ್ನು ಹಿಡಿಯದೆ ಹೋದದ್ದು ನನ್ನ ಅಜಾಗರೂಕತೆ. ನಮ್ಮಲ್ಲಿ 'ತಿರುಗಿ' ಎನ್ನುತ್ತೇವೆ, 'ಮರಳಿ' ಎನ್ನುತ್ತೇವೆ, ಈ ಸೀಮೆಯ ಹಳ್ಳಿಗಳಲ್ಲಿ 'ಹೊಳ್ಳಿ' ಎನ್ನುತ್ತೇವೆ. ಹೊರಳಿ ಎಂಬುದೇ ನಾಲಗೆಯ ಮೇಲೆ ಹೊಳ್ಳಿಯಾಗಿದೆ. ಪಾರ್ಸಿಯಿಂದ ಬಂದ 'ವಾಪಸ್' ಕೂಡ ನಮ್ಮ ಮನೆಯದೇ ಆಗಿಬಿಟ್ಟಿದೆ. ಇವೆಲ್ಲವೂ ಹೋದವನು ಹಿಂದಿರುಗುವ ಮಾತುಗಳು, ಬಂದ ದಾರಿಯನ್ನು ಬಲ್ಲ ಮಾತುಗಳು. 'ಮತ್ತೆ' ಎಂಬುದು ಮತ್ತೊಂದು, ಮತ್ತೊಬ್ಬ ಎಂಬುವುಗಳ ಬಳಗದ್ದು. ಮೊದಲಿನದರ ಪಕ್ಕದಲ್ಲಿ ಇನ್ನೊಂದನ್ನು ತಂದಿಡುತ್ತದೆಯೇ ಹೊರತು ಮೊದಲಿನದನ್ನು ಅಳಿಸುವುದಿಲ್ಲ. ಅಳಿಸಿ ಆರಂಭಿಸುವುದಕ್ಕೆ ನಾವು ಹೇಳುವುದು 'ಮೊದಲಿನಿಂದ' ಎಂದು. ಹುಡುಗನಿಗೆ ನಾನು ಹೇಳಬೇಕಾಗಿದ್ದದ್ದು ಈ ಮಾತನ್ನು.

ಆದರೆ ಇಲ್ಲಿಯೇ ಒಂದು ಸ್ವಾರಸ್ಯವಿದೆ. ಕಿಟ್ಟೆಲ್ ಅವರ 1894ರ ನಿಘಂಟನ್ನು ತೆರೆದು ನೋಡಿದರೆ 'ಮೊದಲು' ಎಂಬುದಕ್ಕೆ ಆದಿ ಎಂಬ ಅರ್ಥದ ಜೊತೆಗೆ ಬುಡ, ಮೂಲಧನ ಎಂಬ ಅರ್ಥಗಳೂ ಸಿಗುತ್ತವೆ. ಬಡ್ಡಿ ಬಂದರೂ ಮೊದಲು ಬರಲಿಲ್ಲವೆಂದು ಸಾಲ ಕೊಟ್ಟವನು ಹಲುಬುವುದನ್ನು ನಾವೆಲ್ಲ ಕೇಳಿದ್ದೇವೆ. ಅಂದರೆ ಕನ್ನಡದವನು 'ಮೊದಲಿನಿಂದ ಆರಂಭಿಸುತ್ತೇನೆ' ಎಂದಾಗ, ತಿಳಿದೋ ತಿಳಿಯದೆಯೋ, ತನ್ನಲ್ಲಿ ಉಳಿದಿರುವ ಅಸಲನ್ನು ಹಿಡಿದು ಹೊರಡುತ್ತೇನೆ ಎಂದೂ ಹೇಳಿದಂತಾಗುತ್ತದೆ. ಇಂಗ್ಲಿಷ್ ಮಾತಿನಲ್ಲಿ ಈ ಆಸರೆಯಿಲ್ಲ. ಮೊದಲೇ ಉಳಿಯದವನು ಏನು ಮಾಡಬೇಕು ಎಂಬ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ನೆರೆಯ ಮರಾಠಿಯಲ್ಲಿ 'ಪುನಶ್ಚ ಹರಿಃ ಓಂ' ಎಂಬ ನುಡಿಯಿದೆ. ನಮ್ಮ ಭಾಗದ ಹಳಬರ ಬಾಯಲ್ಲೂ ಅದು ಓಡಾಡುತ್ತಿತ್ತು. ನಿಂತುಹೋದ ವೇದಪಾಠವನ್ನು ಹಿಡಿಯುವಾಗ ಹರಿಃ ಓಂ ಎಂದು ತೊಡಗುವ ಸಂಪ್ರದಾಯದಿಂದ ಬಂದದ್ದು ಅದು. ಲೋಕಮಾನ್ಯ ತಿಲಕರು ಸೆರೆಮನೆಯಿಂದ ಬಿಡುಗಡೆಯಾದ ಮೇಲೆ, 1899ರ ಜುಲೈಯಲ್ಲಿ 'ಕೇಸರಿ'ಯ ಸಂಪಾದಕತ್ವವನ್ನು ಮತ್ತೆ ವಹಿಸಿಕೊಂಡು ಬರೆದ ಲೇಖನಕ್ಕೆ ಇದನ್ನೇ ತಲೆಬರಹವಾಗಿಟ್ಟರು. ಸರಕಾರ ನಡುವೆ ತಂದಿಟ್ಟ ಸೆರೆವಾಸವನ್ನು ಅನಧ್ಯಾಯದ ದಿನಗಳಂತೆ ಎಣಿಸಿ, ಬಿಟ್ಟಲ್ಲಿಂದ ಪಾಠ ಹಿಡಿದಂತಾಯಿತು. ಪದದ ಆಯ್ಕೆಯಲ್ಲಿಯೇ ಒಂದು ಧಿಕ್ಕಾರವಿತ್ತು.

ಅರಸರಿಗೂ ಈ ಗುಟ್ಟು ಗೊತ್ತಿತ್ತು. ಸೇಡಂ ತಾಲ್ಲೂಕಿನ ಮಳಖೇಡ ಇಂದು ಕಾಗಿಣಾ ದಂಡೆಯ ಒಂದು ಊರು. ಹಿಂದೆ ಅದು ರಾಷ್ಟ್ರಕೂಟರ ಮಾನ್ಯಖೇಟ, ಅಮೋಘವರ್ಷ ನೃಪತುಂಗನ ರಾಜಧಾನಿ. ನಮಗೆ ದೊರೆತಿರುವ ಕನ್ನಡದ ಮೊದಲ ಗ್ರಂಥವಾದ 'ಕವಿರಾಜಮಾರ್ಗ' ಒಂಬತ್ತನೆಯ ಶತಮಾನದಲ್ಲಿ ಅವನ ಆಸ್ಥಾನದಲ್ಲಿ ಸಿದ್ಧವಾಯಿತು. 972ರಲ್ಲಿ ಮಾಳವದ ಪರಮಾರ ಸೀಯಕನ ಸೈನ್ಯ ಆ ಪಟ್ಟಣವನ್ನು ಸೂರೆಗೊಂಡಿತು. ಶಬ್ದಗಳ ಬಗ್ಗೆ ಮಾತಾಡುತ್ತಿರುವುದರಿಂದ ಇದನ್ನೂ ಹೇಳಿಬಿಡಬೇಕು: ಧಾರಾನಗರದ ಧನಪಾಲನೆಂಬ ಪಂಡಿತ ತನ್ನ ತಂಗಿ ಸುಂದರಿಗಾಗಿ 'ಪಾಇಯಲಚ್ಛೀ' ಎಂಬ ಪ್ರಾಕೃತ ಶಬ್ದಕೋಶವನ್ನು ರಚಿಸಿ, ಅದು ಮುಗಿದದ್ದು ಮಾನ್ಯಖೇಟ ಲೂಟಿಯಾದ ವರ್ಷದಲ್ಲಿ ಎಂದು ಕಾಲಸೂಚನೆ ಕೊಟ್ಟಿದ್ದಾನೆ. ನಮ್ಮ ಊರು ಸುಟ್ಟ ವರ್ಷ ದೂರದ ಒಬ್ಬ ಹುಡುಗಿಯ ನಿಘಂಟಿಗೆ ತಿಥಿಯಾಯಿತು!

ಮರುವರ್ಷ, 973ರಲ್ಲಿ, ರಾಷ್ಟ್ರಕೂಟರ ಸಾಮಂತನಾಗಿದ್ದ ಇಮ್ಮಡಿ ತೈಲಪ ಅಧಿಕಾರ ಹಿಡಿದ. ಅವನು ಹೊಸ ರಾಜವಂಶವನ್ನು ಆರಂಭಿಸಿದೆನೆಂದು ಹೇಳಿಕೊಳ್ಳಬಹುದಾಗಿತ್ತು. ಅವನ ವಂಶದವರ ಶಾಸನಗಳು ಹೇಳುವುದೇ ಬೇರೆ. ಬಾದಾಮಿಯ ಚಾಲುಕ್ಯರಿಂದ ಹಿಡಿದು ತೈಲಪನವರೆಗೆ ಅವು ವಂಶಾವಳಿಯನ್ನು ಹೊಸೆಯುತ್ತವೆ. ಬಾದಾಮಿಯ ಅರಸರು ಎಂಟನೆಯ ಶತಮಾನದ ನಡುವಿನಲ್ಲಿ ಸೋತಂದಿನಿಂದ ತೈಲಪನವರೆಗಿನ ಇನ್ನೂರಕ್ಕೂ ಹೆಚ್ಚು ವರ್ಷಗಳು, ರಾಷ್ಟ್ರಕೂಟರ ಇಡೀ ವೈಭವ, ಈ ಲೆಕ್ಕದಲ್ಲಿ ನಡುವೆ ಬಂದ ಒಂದು ಅಡಚಣೆ ಮಾತ್ರ. ಆ ವಂಶಾವಳಿಯ ಎಳೆಗಳೆಲ್ಲ ಎಷ್ಟು ಗಟ್ಟಿ ಎಂಬುದು ವಿದ್ವಾಂಸರ ಚರ್ಚೆಯ ವಿಷಯ. ನನಗೆ ಮುಖ್ಯವಾಗಿ ಕಾಣುವುದು ಅವರು ಆರಿಸಿಕೊಂಡ ಕ್ರಿಯಾಪದ. ಗೆದ್ದವರು 'ಮೊದಲಿನಿಂದ' ಎನ್ನಲು ಇಷ್ಟಪಡುವುದಿಲ್ಲ, 'ಮರಳಿ' ಎನ್ನುತ್ತಾರೆ.

ಚಿತ್ತಾಪುರದ ಹತ್ತಿರ ನಾಗಾವಿಯಿದೆ. ಅಲ್ಲಿಯ 1058ರ ಶಾಸನ ಅದೇ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ್ದು. ಇನ್ನೂರು ಮಂದಿ ವೇದಾಧ್ಯಯನದ ವಿದ್ಯಾರ್ಥಿಗಳು, ಐವತ್ತರಷ್ಟು ಮಂದಿ ಶಾಸ್ತ್ರ ಕಲಿಯುವವರು, ಅವರಿಗೆ ಉಪಾಧ್ಯಾಯರು, ಇವರ ಜೊತೆಗೆ ಆರು ಮಂದಿ ಸರಸ್ವತೀ ಭಂಡಾರಿಗರು, ಅಂದರೆ ಪುಸ್ತಕಗಳನ್ನು ಕಾಯುವವರು, ಆ ಘಟಿಕಾಸ್ಥಾನದಲ್ಲಿದ್ದರು. ಶಾಲೆಯೊಂದಕ್ಕೆ ಆರು ಗ್ರಂಥಪಾಲಕರಿದ್ದ ಕಾಲವನ್ನು ನೆನೆದರೆ, ಒಬ್ಬರೂ ಇಲ್ಲದ ಶಾಲೆಗಳಲ್ಲಿ ಪಾಠ ಹೇಳಿದ ನನಗೆ ಸ್ವಲ್ಪ ಅಸೂಯೆಯಾಗುತ್ತದೆ. ಆ ಪಾಠ ನಿಂತುಹೋಯಿತು. ಕಂಬಗಳು ಉಳಿದಿವೆ, ಶಾಸನ ಉಳಿದಿದೆ.

ಅದೇ ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿಕಾ ಗುಡಿ 1980ರ ದಶಕದಲ್ಲಿ ಕುಸಿಯಿತು. ಅದನ್ನು ಸರಿಪಡಿಸುವಾಗ ದೇವಿಯ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮೀ ಅಕ್ಷರಗಳು ಕಂಡವು. ಓದಿದರೆ ಅವು ಅಶೋಕನ ಧರ್ಮಲಿಪಿಗಳು! ಯಾವನೋ ಶಿಲ್ಪಿ, ಓದಲು ಬಾರದ ಆ ಬರಹದ ನಡುವೆಯೇ ಗೂಡು ಕೊರೆದು ಮೂರ್ತಿಯನ್ನು ನಿಲ್ಲಿಸಿದ್ದ. ಪರರ ಮತವನ್ನೂ ಗೌರವಿಸಬೇಕು, ನಾಲಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು ಎಂಬ ಹನ್ನೆರಡನೆಯ ಶಾಸನವೂ ಆ ಕಲ್ಲಿನಲ್ಲಿದೆ. ಇದನ್ನು ಯಾವ ಕ್ರಿಯಾಪದದಿಂದ ಹೇಳೋಣ? ಶಿಲ್ಪಿ ತನ್ನ ಮಟ್ಟಿಗೆ ಮೊದಲಿನಿಂದಲೇ ಆರಂಭಿಸಿದ. ಆದರೆ ಅವನ ಕೈಗೆ ಸಿಕ್ಕ ಮೊದಲು ಆ ಹಳೆಯ ಕಲ್ಲೇ ಆಗಿತ್ತು. ಕಲ್ಲಿನ ಮಾತಿಗೆ ನಡುವೆ ತೂತು ಬಿತ್ತು, ಅಂಚಿನ ಸಾಲುಗಳು ಉಳಿದುಬಂದವು.

ಇಷ್ಟೂ ದೂರದ ಕಾಲದ ಮಾತಾಯಿತು. ನನ್ನ ಮನಸ್ಸು ಆ ದಿನ ಗಾಡಿಯಲ್ಲಿ ಹೋಗಿ ನಿಂತದ್ದು ಹತ್ತಿರದ ಒಂದು ಕಾಲದಲ್ಲಿ, ನನ್ನ ತಂದೆಯವರ ಬಳಿಯಲ್ಲಿ.

ನಮ್ಮ ಮೂಲ ಊರು ಚಿಂಚೋಳಿ ಸೀಮೆಯ ಒಂದು ಹಳ್ಳಿ. ಕನ್ನಡದ ಮನೆಗಳು, ತೆಲುಗಿನ ಸಂತೆ, ಉರ್ದುವಿನ ಕಚೇರಿ ಎಂಬುದು ಅಲ್ಲಿಯ ವ್ಯವಸ್ಥೆಯಾಗಿತ್ತು. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಬಹುಕಾಲ ಪಾರ್ಸಿಯಾಗಿತ್ತು. 1880ರ ದಶಕದಲ್ಲಿ ಅದರ ಜಾಗಕ್ಕೆ ಉರ್ದು ಬಂತು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನೂ ಉರ್ದುವಿನಲ್ಲಿಯೇ ಕೊಟ್ಟಿತು. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯಗಳನ್ನು ಕಲಿಸಿದ ಆ ಸಾಹಸವನ್ನು ನಾನು ಹಗುರಾಗಿ ಕಾಣುವವನಲ್ಲ. ಆದರೆ ಅದು ನಮ್ಮ ತಾಯಂದಿರ ಭಾಷೆಯಾಗಿರಲಿಲ್ಲ. 1921ರಲ್ಲಿ ಹುಟ್ಟಿದ ನನ್ನ ತಂದೆ ಉರ್ದುವಿನಲ್ಲಿ ಕಲಿತು, ಫಸಲಿ 1346ರಲ್ಲಿ ಮಿಡಲ್ ಪರೀಕ್ಷೆ ಪಾಸಾದರು. ಸಂಸ್ಥಾನದ ವರ್ಷ ಅಕ್ಟೋಬರಿನಲ್ಲಿ ಆಜೂರ್ ತಿಂಗಳಿನಿಂದ ತೊಡಗುತ್ತಿತ್ತು. ಫಸಲಿಗೆ 590, ತಿಂಗಳು ನೋಡಿ 591, ಕೂಡಿಸಿದರೆ ನಮ್ಮ ಇಸವಿ ಬರುತ್ತದೆ. ಆ ಸರ್ಟಿಫಿಕೇಟಿನ ಬಲದಿಂದ ಅವರು ಕಂದಾಯದ ಕೆಲಸಕ್ಕೆ ಗುಮಾಸ್ತರಾಗಿ ಸೇರಿದರು. ಅವರ ಉರ್ದು ಹಸ್ತಾಕ್ಷರ ಮುತ್ತಿನಂತಿತ್ತೆಂದು ಬಲ್ಲವರು ಹೇಳುತ್ತಿದ್ದರು. ಮನೆಯಲ್ಲಿ ಆಡುವುದು ಕನ್ನಡ, ದೇವರೆದುರು ಹೇಳುವುದು ಕನ್ನಡ; ಕನ್ನಡದ ಒಂದು ಅಕ್ಷರವನ್ನೂ ಅವರು ಬರೆಯಲಾರರು.

1947ರ ಆಗಸ್ಟ್ 15ರ ಸ್ವಾತಂತ್ರ್ಯ ನಮ್ಮ ಭಾಗಕ್ಕೆ ಬರಲಿಲ್ಲವೆಂಬುದು ಎಲ್ಲರಿಗೂ ತಿಳಿದದ್ದು. ರಜಾಕಾರರ ಹಾವಳಿಯಲ್ಲಿ ಎಷ್ಟೋ ಕುಟುಂಬಗಳು ಹಳ್ಳಿ ಬಿಟ್ಟು ಗಡಿಯಾಚೆಗೆ ಹೋದವು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಬಂತು, 17ರಂದು ಸಂಸ್ಥಾನ ಶರಣಾಯಿತು. ಹೋದವರು ಹೊಳ್ಳಿ ಬಂದರು. ಆ ಬಳಿಕ ನಡೆದ ಇನ್ನೊಂದು ಸಂಗತಿಯನ್ನು ನಾವು ವಿಮೋಚನೆಯ ಭಾಷಣಗಳಲ್ಲಿ ಹೇಳುವುದು ಕಡಿಮೆ. ಕೇಂದ್ರ ಸರಕಾರ ಕಳುಹಿಸಿದ, ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರ್ ಅವರಿದ್ದ ನಿಯೋಗ ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸುತ್ತಾಡಿ, ಸೇನಾ ಕಾರ್ಯಾಚರಣೆಯ ನಂತರ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವರದಿಮಾಡಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗವೂ ಒಂದು. ಆ ವರದಿ ದಶಕಗಳ ಕಾಲ ಸಾರ್ವಜನಿಕರ ಕಣ್ಣಿಗೆ ಬೀಳಲಿಲ್ಲ.

ತಂದೆಯವರ ಗೆಳೆಯರೊಬ್ಬರಿದ್ದರು, ಉರ್ದು ಶಾಲೆಯ ಮಾಸ್ತರರು. ಆ ದಿನಗಳಲ್ಲಿ ಅವರ ಮನೆ ಹೋಯಿತು, ಮನೆಯವರಲ್ಲಿ ಇಬ್ಬರು ಹೋದರು. ವರ್ಷಗಳ ಮೇಲೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಾತಾಡುವಾಗ ಆ ಪ್ರಸ್ತಾಪ ಬಂದರೆ, 'ಅಜ್ ಸರೇ ನೌ' ಎಂದಷ್ಟೇ ಹೇಳಿ ಅವರು ಸುಮ್ಮನಾಗುತ್ತಿದ್ದರು. ಪಾರ್ಸಿಯಿಂದ ಉರ್ದುವಿಗೆ ಬಂದ ನುಡಿಗಟ್ಟು. ಹೊಸ ತಲೆಯಿಂದ, ಅಂದರೆ ಹೊಸದಾಗಿ ಎಂದರ್ಥ. ಕಚೇರಿಯ ಕಾಗದಗಳಲ್ಲಿ, ಹಳೆಯ ತೀರ್ಮಾನವನ್ನು ರದ್ದುಮಾಡಿ ಹೊಸದಾಗಿ ವಿಚಾರಣೆ ಮಾಡಬೇಕೆಂದಾಗ ಬರೆಯುವ ಮಾತು. ಚಿಕ್ಕವನಾದ ನನಗೆ ಅದು ಆಗ ಏನೂ ತಿಳಿಯಲಿಲ್ಲ. 'ಸ್ಟಾರ್ಟ್ ಓವರ್' ಎಂಬುದಕ್ಕೆ ಇಷ್ಟು ಹತ್ತಿರವಾದ ಮಾತನ್ನು ನಾನು ಯಾವ ಭಾಷೆಯಲ್ಲೂ ಕಂಡಿಲ್ಲ. ಮೊದಲೇ ಉಳಿಯದವನ ಮಾತು ಅದು.

ನನ್ನ ತಂದೆಯವರದು ಅಷ್ಟು ದೊಡ್ಡ ನಷ್ಟವಲ್ಲ. ಅವರೇ ಅದನ್ನು ಗೆಳೆಯರ ಎದುರಿಗೆ ನಷ್ಟವೆಂದು ಹೇಳಿಕೊಳ್ಳಲಿಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಗಿ, ನಾವು ಮೈಸೂರು ರಾಜ್ಯಕ್ಕೆ ಬಂದೆವು. ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಚಿಂಚೋಳಿ ನಮ್ಮಲ್ಲಿ ಉಳಿಯಿತು. ತಾಂಡೂರಿನಲ್ಲಿ ಕೆಲಸಕ್ಕಿದ್ದ ಗುಮಾಸ್ತರು ತೆಲುಗಿನ ಓನಾಮ ತಿದ್ದಬೇಕಾಯಿತು, ಇತ್ತ ಇದ್ದವರು ಕನ್ನಡದ್ದು. ತಂದೆಯವರಿಗೆ ಮೂವತ್ತೈದು ವರ್ಷ. ಅವರಿದ್ದ ಕಚೇರಿಯಲ್ಲಿ ಹಳೆಯ ಮೈಸೂರು, ಧಾರವಾಡಗಳ ಕಡೆಯಿಂದ ಬಂದ ಕಿರಿಯರು ಕನ್ನಡದ ಕಾಗದವನ್ನು ಗಟ್ಟಿಯಾಗಿ ಓದುವಾಗ ಇವರು ಮೌನವಾಗಿ ಕುಳಿತಿರಬೇಕಾಗಿತ್ತು. ಒಮ್ಮೆ ಒಬ್ಬ ಮೇಲಧಿಕಾರಿ ಎಲ್ಲರೆದುರು 'ನೀವು ಓದು ಬಾರದವರೆ?' ಎಂದು ಕೇಳಿದರಂತೆ. ಕಚೇರಿಯ ಹೆಸರು, ಅಧಿಕಾರಿಯ ಹೆಸರು ಈಗ ಯಾಕೆ? ಅಂದು ಸಂಜೆ ಅವರು ಮನೆಗೆ ಬಂದು, ಕನ್ನಡ ಶಾಲೆಯ ಎರಡನೆಯ ಇಯತ್ತೆಯಲ್ಲಿದ್ದ ನನ್ನನ್ನು ಕರೆದು, "ತಮ್ಮಾ, ನಿನ್ನ ಪಾಟಿ ತಗೊಂಡು ಬಾ" ಎಂದರು.

ಕಂದೀಲಿನ ಬೆಳಕಿನಲ್ಲಿ ನಾನು ಅ ಬರೆದು ತೋರಿಸಿದೆ. ಅವರು ಪೇಣೆಯನ್ನು ಹಿಡಿದು ಪಾಟಿಯ ಬಲ ತುದಿಯಲ್ಲಿ ಅ ಬರೆದರು. ಎರಡನೆಯ ಅಕ್ಷರವನ್ನು ಅದರ ಎಡಕ್ಕೆ ಬರೆಯಹೋದರು. ಉರ್ದುವಿನ ಕೈ. "ಎಪ್ಪಾ, ಆ ಕಡಿಂದಲ್ಲ, ಈ ಕಡಿಂದ" ಎಂದು ನಾನು ನಕ್ಕೆ. ಅವರೂ ನಕ್ಕರು. ಒಳಗಿದ್ದ ತಾಯಿ ನಗಲಿಲ್ಲ. ಅಂಕಿಗಳು ಮಾತ್ರ ಅವರಿಗೆ ತೊಂದರೆ ಕೊಡಲಿಲ್ಲ, ಏಕೆಂದರೆ ಉರ್ದುವಿನಲ್ಲಿಯೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯುತ್ತಾರೆ. ಒತ್ತಕ್ಷರಗಳ ಹೊತ್ತಿಗೆ ಚಳಿಗಾಲ ಮುಗಿದಿತ್ತು. ತಾವು ಹುಟ್ಟಿದಂದಿನಿಂದ ಆಡಿದ ಮಾತು ಕಾಗದದ ಮೇಲೆ ಹೀಗೆ ಕಾಣುತ್ತದೆಯೆ ಎಂದು ಅವರು ಕೆಲವು ಶಬ್ದಗಳನ್ನು ಬರೆದು ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ನನಗೆ ಕೊಡುತ್ತಿದ್ದರು, ಬೆಳಿಗ್ಗೆ ಅದು ನನಗೆ ಶಾಲೆಗೆ ಬೇಕಾಗಿತ್ತು.

ಸಂಸ್ಥಾನದ ಹಾಲಿ ಸಿಕ್ಕ ಹೋಗಿ ಭಾರತದ ಕಲದಾರ್ ರೂಪಾಯಿ ಬಂದಾಗ ಅದಕ್ಕೊಂದು ದರವಿತ್ತು. ಏಳು ಹಾಲಿ ರೂಪಾಯಿಗೆ ಆರು ಕಲದಾರ್. ಕಳೆದುಕೊಂಡದ್ದೆಷ್ಟು ಎಂದು ಪ್ರತಿಯೊಬ್ಬನೂ ಬೆರಳಿನಲ್ಲಿ ಎಣಿಸಬಹುದಾಗಿತ್ತು. ಒಂಬತ್ತು ಹತ್ತು ವರ್ಷ ಉರ್ದುವಿನಲ್ಲಿ ಕಲಿತದ್ದಕ್ಕೆ ಎಷ್ಟು ಕನ್ನಡ ಸಿಗಬೇಕೆಂಬ ದರವನ್ನು ಯಾರೂ ಕಟ್ಟಲಿಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಪಾರ್ಸಿ ಹೋಗಿ ಉರ್ದು ಬಂದಾಗಲೂ ಯಾವುದೋ ಮನೆಯಲ್ಲಿ ಯಾವನೋ ಮುನ್ಶಿ ಹೀಗೆಯೇ ಕುಳಿತಿದ್ದಿರಬೇಕು. ಕನ್ನಡನಾಡಿನಲ್ಲಿ ಕನ್ನಡ ಬರಲೇಬೇಕಾಗಿತ್ತು, 1963ರ ರಾಜ್ಯಭಾಷಾ ಕಾಯಿದೆ ಆಗಲೇಬೇಕಾಗಿತ್ತು. ಅದರ ಫಲವನ್ನು ಉಂಡವನೇ ನಾನು.

ಆದರೆ ವೇದಿಕೆಗಳ ಮೇಲೆ ನಾವು ಆಡುವ ಒಂದು ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ನೃಪತುಂಗನ ನಾಡಿನಲ್ಲಿ ಸತ್ತುಹೋಗಿದ್ದ ಕನ್ನಡ 1948ರಲ್ಲಿಯೋ 1956ರಲ್ಲಿಯೋ ಹೊಸದಾಗಿ ಹುಟ್ಟಿತು ಎಂದು ಹೇಳುತ್ತಾರೆ. ಕನ್ನಡ ಎಂದೂ ಸತ್ತಿರಲಿಲ್ಲ. ಬೀಸುವ ಕಲ್ಲಿನ ಮುಂದೆ, ರಾಶಿಯ ಕಣದಲ್ಲಿ, ವಚನ ಹೇಳುವ ಮಠಗಳಲ್ಲಿ, ತತ್ವಪದದ ಭಜನೆಗಳಲ್ಲಿ ಅದು ನಡೆದೇ ಇತ್ತು. ಕಚೇರಿಯ ಬಾಗಿಲಲ್ಲಿ ಮಾತ್ರ ತಡೆದು ನಿಂತಿತ್ತು. ಭಾಷೆಯ ಮಟ್ಟಿಗೆ ಅದು ವಾಡಿಯಲ್ಲಿ ಗಾಡಿ ಬದಲಿಸಿದಂತೆ. ಅದೇ ದಿನ, ಅದೇ ಬದಲಾವಣೆಯಿಂದ, ಆ ಭಾಷೆಯನ್ನೇ ಆಡುತ್ತಿದ್ದ ನನ್ನ ತಂದೆ ಮಾತ್ರ ಅ ಆ ಇ ಈಯಿಂದ ತೊಡಗಬೇಕಾಯಿತು. ಭಾಷೆಗೆ 'ರೆಸ್ಯೂಮ್', ಭಾಷಿಕನಿಗೆ 'ಸ್ಟಾರ್ಟ್ ಓವರ್'. ಎರಡಕ್ಕೂ 'ಮತ್ತೆ ಆರಂಭ' ಎಂದು ಒಂದೇ ಮಾತನ್ನು ಬರೆದರೆ ಈ ಎರಡನೆಯವನು ಚರಿತ್ರೆಯ ಪುಟದಲ್ಲಿ ಕಾಣುವುದೇ ಇಲ್ಲ.

ಅವರು ಕನ್ನಡ ಕಲಿತರು. ಕೊನೆಯವರೆಗೂ ದಪ್ಪ ದಪ್ಪ ಅಕ್ಷರ, ಮಗುವಿನ ಕೈ. ಬಡ್ತಿಯಲ್ಲಿ ಹಿಂದೆ ಬಿದ್ದರು. 1976ರಲ್ಲಿ ನಿವೃತ್ತರಾದರು. ಆ ಕಾಲಕ್ಕೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಪ್ರಕಾರ ಉಳುವವರು ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಾಕಿಕೊಳ್ಳುತ್ತಿದ್ದರು. ತಾವು ಇಂಥ ಹೊಲವನ್ನು ಇಂತಿಷ್ಟು ಕಾಲದಿಂದ ಸಾಗು ಮಾಡುತ್ತಿದ್ದೇವೆಂದು ತೋರಿಸಬೇಕು. ತೋರಿಸುವ ಕಾಗದಗಳೋ, ಹಳೆಯ ಪಹಣಿ, ಕೌಲುನಾಮೆ, ಪಾವತಿಗಳು. ನಿಜಾಮರ ಕಾಲದವು, ಎಲ್ಲವೂ ಉರ್ದು. ಕಚೇರಿಗಳಲ್ಲಿದ್ದ ಹೊಸಬರಿಗೆ, ನನಗೂ ಸೇರಿದಂತೆ, ಅವು ಸನ್ನತಿಯ ಕಲ್ಲಿನಷ್ಟೇ ಮೂಕ. ಚಿಂಚೋಳಿಯ ಹಳ್ಳಿಗಳಿಂದ, ಸೇಡಂನ ಕಡೆಯಿಂದ ರೈತರು ತಗಡಿನ ಡಬ್ಬಿಗಳಲ್ಲಿ ಕಾಗದ ಸುತ್ತಿಕೊಂಡು ನಮ್ಮ ಮನೆಯ ಕಟ್ಟೆಗೆ ಬರತೊಡಗಿದರು. "ಸಾಹೇಬ್ರ, ಇದರಾಗ ನಮ್ಮ ಮುತ್ಯಾನ ಹೆಸರು ಅದ ಏನ್ರಿ?" ಎಂದು ಕೇಳುವರು. ತಂದೆಯವರು ಕನ್ನಡಕ ಒರೆಸಿಕೊಂಡು, ಕಾಗದವನ್ನು ಬೆಳಕಿಗೆ ಹಿಡಿದು, ಬಲದಿಂದ ಎಡಕ್ಕೆ ಸರಾಗವಾಗಿ ಓದುತ್ತಿದ್ದರು. ಫಸಲಿಯನ್ನು ಇಸವಿಗೆ ತಿರುಗಿಸುತ್ತಿದ್ದರು. ಆಮೇಲೆ ಒಂದು ಬಿಳಿಯ ಹಾಳೆಯಲ್ಲಿ ಅದರ ಸಾರವನ್ನು ಕನ್ನಡದಲ್ಲಿ, ಎಡದಿಂದ ಬಲಕ್ಕೆ, ನಿಧಾನವಾಗಿ ಬರೆಯುತ್ತಿದ್ದರು. ರೊಕ್ಕ ಮುಟ್ಟುತ್ತಿರಲಿಲ್ಲ. ಯಾರಾದರೂ ತೊಗರಿಬೇಳೆ ತಂದರೆ ಬೇಡವೆನ್ನುತ್ತಿರಲಿಲ್ಲ.

ಆ ಹುಡುಗನಿಗೆ ವಾಡಿಯಿಂದಲೇ ಫೋನ್ ಮಾಡಿ, ವಹಿಯಲ್ಲಿ ಬರೆದದ್ದನ್ನು ಹೊಡೆದುಹಾಕಿ 'ಮೊದಲಿನಿಂದ ಆರಂಭಿಸು' ಎಂದು ತಿದ್ದಿಕೊಳ್ಳಲು ಹೇಳಿದೆ. 'ರೆಸ್ಯೂಮ್' ಎಂಬುದಕ್ಕೆ 'ಬಿಟ್ಟಲ್ಲಿಂದ ಮುಂದುವರಿಸು'. ಅವನು "ಆತು ಅಜ್ಜಾ" ಎಂದ. ತಂದೆಯವರು ಬರೆದುಕೊಟ್ಟ ಆ ಸಾರಗಳಲ್ಲಿ ಒಂದೆರಡು ನನ್ನ ಬಳಿ ಉಳಿದಿವೆ. ಮೇಲೆ ಕನ್ನಡದ ದಪ್ಪಕ್ಷರಗಳ ಸಾಲುಗಳು. ಕೆಳಗೆ, ಹಾಳೆಯ ಎಡ ಮೂಲೆಯಲ್ಲಿ, ಒಂದೇ ಎಳೆತದಲ್ಲಿ ಮಾಡಿದ ಉರ್ದು ರುಜು.